ಎಡಭುಜದ ಹತ್ತಿ

ಪೂರ್ಣವಾಗಿ ಅರಳಿದ ವ್ಯಕ್ತಿತ್ವವನ್ನು ಗುರುತಿಸುವುದು ಹೇಗೆಂದು ಪ್ರೊಫೆಸರಮ್ಮ ಕಾಲೇಜಿನಲ್ಲಿ ಜೀವಮಾನವಿಡೀ ಪಾಠ ಮಾಡಿದ್ದರು. ಇದ್ದದ್ದನ್ನು ಇದ್ದ ಹಾಗೇ ಕಾಣುವುದು, ತನ್ನ ಕುಂದನ್ನು ಒಪ್ಪಿಕೊಳ್ಳುವುದು, ಪರರ ಮಾತಿಗೆ ಕುಗ್ಗದಿರುವುದು, ತನ್ನನ್ನು ಕಂಡು ತಾನೇ ನಗುವುದು. ನಿವೃತ್ತಿಯಾಗಿ ಪುರುಸೊತ್ತು ಸಿಕ್ಕ ಮೇಲೆ ಅಂಥವರು ಯಾರಿದ್ದಾರೆಂದು ಹುಡುಕಿದರು. ಹೆಚ್ಚು ದೂರ ಹೋಗಬೇಕಾಗಲಿಲ್ಲ. ಕನ್ನಡಿ ಹತ್ತಿರದಲ್ಲೇ ಇತ್ತು.

ಈ ಸಂಶೋಧನೆಯನ್ನು ಊಟದ ಹೊತ್ತಿನಲ್ಲಿ ಅಕ್ಕನ ಮುಂದೆ ಬಿಚ್ಚಿಟ್ಟದ್ದೇ ತಪ್ಪಾಯಿತು. ಅಕ್ಕ ದರ್ಜಿ, ಮನೆಯ ಮುಂದಿನ ಕೋಣೆಯೇ ಅಂಗಡಿ. ಮದುವೆ ಬೇಡವೆಂದ ಇಬ್ಬರೂ ಒಂದೇ ಸೂರಿನಡಿ ಒಬ್ಬರನ್ನೊಬ್ಬರು ತಿದ್ದುತ್ತಾ ಮುದುಕಿಯರಾಗಿದ್ದರು. ಅಕ್ಕ ನೀರು ನೆತ್ತಿಗೇರುವಷ್ಟು ನಕ್ಕಳು.

"ಲೇ ಪಂಡಿತೆ, ನಿನಗೆ ನೀನೇ ಮಾರ್ಕ್ಸ್ ಕೊಟ್ಕೊಂಡ್ಯಾ? ಪೇಪರ್ ತಿದ್ದೋಕೆ ಬೇರೆ ಯಾರೂ ಸಿಗ್ಲಿಲ್ವಾ?"

ಪರರ ಮಾತಿಗೆ ಕುಗ್ಗದ ಪ್ರೊಫೆಸರಮ್ಮ ತಟ್ಟೆ ಎತ್ತಿಕೊಂಡು ಎದ್ದುಹೋದರು. ಅಂದಿನಿಂದ ಅಕ್ಕನ ಜೊತೆ ಮಾತಿಲ್ಲ. ಏಕಾಂತಪ್ರಿಯತೆಯೂ ಒಂದು ಲಕ್ಷಣವೇ ಎಂದು ಸಮಾಧಾನ ಹೇಳಿಕೊಂಡರು. ಆದರೆ ಅಭ್ಯಾಸಬಲದಿಂದ ಇಬ್ಬರಿಗೆ ಚಹಾ ಮಾಡಿ, ಕರೆಯಲು ಬಾಯಿ ಬಾರದೆ ಒಂದು ಲೋಟವನ್ನು ಸಿಂಕಿಗೆ ಸುರಿಯುವಾಗ ಏಕಾಂತ ಅಷ್ಟೇನೂ ಪ್ರಿಯವೆನಿಸುತ್ತಿರಲಿಲ್ಲ.

ಆಗಲೇ ಹಳೆಯ ಕಾಲೇಜಿನಿಂದ ಅದೇ ವಿಷಯದ ಮೇಲೆ ಭಾಷಣಕ್ಕೆ ಕರೆ ಬಂತು. ಹೊಸ ಕೋಟು ಬೇಕಿತ್ತು. ಬುದ್ಧಿ ಬಂದಾಗಿನಿಂದ ಅಕ್ಕನ ಹೊಲಿಗೆ ಬಿಟ್ಟು ಬೇರೆ ತೊಟ್ಟವರಲ್ಲ. ಈಗ ಹಟಕ್ಕೆ ಬಿದ್ದು ಬಟ್ಟೆಯನ್ನು ಪೇಟೆಯ ದರ್ಜಿಗೆ ಕೊಟ್ಟರು. ಹೊಲಿದದ್ದನ್ನು ತೊಟ್ಟು ನೋಡಿದರೆ ಕೋಟು ಎಡಗಡೆ ಜೋತುಬಿತ್ತು. ಅಂಗಡಿಯಲ್ಲೇ ನಿಂತು ದಬಾಯಿಸಿದರು.

"ಬಟ್ಟೆ ನೆಟ್ಟಗಿದೆ ಮೇಡಂ," ಅಂದ ಆತ. "ನಿಮ್ಮ ಎಡಭುಜ ತಗ್ಗು. ಇಷ್ಟು ವರ್ಷ ಯಾರೂ ಹೇಳ್ಲಿಲ್ವಾ?"

ಮನೆಗೆ ಬಂದವರೇ ಹಳೆಯ ಕೋಟುಗಳನ್ನೆಲ್ಲ ಮಂಚದ ಮೇಲೆ ಹರವಿ ತಡವಿದರು. ಪ್ರತಿಯೊಂದರ ಎಡಭುಜದಲ್ಲೂ ಲೈನಿಂಗ್ ಒಳಗೆ ಹತ್ತಿಯ ಮೆತ್ತೆ. ಬಲಗಡೆ ಬರೀ ಬಟ್ಟೆ. ಇದ್ದದ್ದನ್ನು ಇದ್ದ ಹಾಗೇ ಕಾಣುವ ಕಣ್ಣಿಗೆ ತಮ್ಮದೇ ಭುಜ ಕಂಡಿರಲಿಲ್ಲ. ನೆಟ್ಟಗೆ ನಿಲ್ಲುವ ಮೇಡಂ ಎಂದು ಕಾಲೇಜಿನಲ್ಲಿ ಗಳಿಸಿದ ಹೆಸರಿನಲ್ಲಿ ಅರ್ಧ ಈ ಹತ್ತಿಗೆ ಸೇರಬೇಕಾದದ್ದು.

ಹೊಸ ಕೋಟು ಹಿಡಿದು ಮುಂದಿನ ಕೋಣೆಯ ಬಾಗಿಲಲ್ಲಿ ನಿಂತರು.

"ಅಕ್ಕಾ."

ಅಕ್ಕ ಯಂತ್ರ ನಿಲ್ಲಿಸಿದಳು. "ಅಬ್ಬಾ, ಬಾಯಿ ಇದೆ!"

"ಭುಜದ ವಿಷಯ ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಒಪ್ತಿದ್ಯಾ? ಪುಸ್ತಕ ತಂದು ವಾದ ಮಾಡ್ತಿದ್ದೆ. ಪುಸ್ತಕದ ಚೀಲ ಹೊತ್ತೂ ಹೊತ್ತೂನೇ ವಾಲಿದ್ದು ಅದು."

"ಮಾತು ಬಿಟ್ಟಿದ್ದು ನಂದೇ ತಪ್ಪು ಕಣೇ."

"ಅದನ್ನ ಭಾಷಣದಲ್ಲಿ ಸೇರ್ಸು. ಬಾ ಇಲ್ಲಿ, ಅಲ್ಲಾಡದೆ ನಿಂತ್ಕೋ." ಅಕ್ಕ ಕೋಟು ತೊಡಿಸಿ, ಎಡಭುಜದ ಹೊಲಿಗೆ ಬಿಚ್ಚಿದಳು. "ಹತ್ತಿ ಹಾಕ್ಲೋ, ಹೀಗೇ ಹೋಗ್ತೀಯೋ? ತಮ್ಮ ಕುಂದು ಒಪ್ಕೊಂಡೋರಿಗೆ ಹತ್ತಿ ಯಾಕೆ, ಅಲ್ವಾ?"

ಅಕ್ಕ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಕಾದಳು. ಪ್ರೊಫೆಸರಮ್ಮ ಕನ್ನಡಿಯಲ್ಲಿ ವಾಲಿ ನಿಂತ ಮುದುಕಿಯನ್ನು ಬಹಳ ಹೊತ್ತು ನೋಡಿದರು.

"ಹಾಕು," ಅಂದರು. "ಈ ಸಲ ಸ್ವಲ್ಪ ಜಾಸ್ತೀನೇ ಹಾಕು." ಅಂದವರಿಗೇ ನಗು ತಡೆಯಲಾಗಲಿಲ್ಲ.

"ನಗಿಸ್ಬೇಡ್ವೇ," ಅಕ್ಕ ಸೂಜಿಗಳ ಸಂದಿಯಿಂದಲೇ ಗದರಿದಳು, "ನುಂಗ್ಬಿಟ್ಟೇನು!"