ಎರಡನೇ ಮಹಡಿಯ ಸತ್ತ ಪೈಪು

ಹುಣಸೂರಿನ ಆ ಹಳೆಯ ಅಪಾರ್ಟ್‌ಮೆಂಟಿಗೆ ಪೈಪುಗಳ ನಕ್ಷೆ ಎಂಬುದೇ ಇಲ್ಲ. ಯಾವ ಗೋಡೆಯೊಳಗೆ ಯಾವ ಲೈನು ಹೋಗಿದೆ ಎಂಬುದು ನನ್ನ ತಲೆಯಲ್ಲಿತ್ತು. ಅಲ್ಲಿನ ಎಲ್ಲ ಮನೆಗಳಿಗೂ ನಾನೇ ಪ್ಲಂಬರ್, ಮೇಲಿನ ಟ್ಯಾಂಕ್ ರೂಮಿನ ಬೀಗದ ಕೈಯೂ ನನ್ನ ಗೊಂಚಲಿನಲ್ಲೇ. ಬರೆದಿಡಬಹುದಿತ್ತು. ಬರೆದಿಟ್ಟರೆ ಬೇರೆಯವನೂ ಓದುತ್ತಾನೆ.

ಎರಡನೇ ಮಹಡಿಯಲ್ಲಿ ಬಟ್ಟೆ ಅಂಗಡಿ ಸಾಹೇಬರ ಮನೆ. ಗೋಡೆ ಒದ್ದೆಯಾಗುತ್ತಿದೆ ಎಂದು ಅವರ ಹೆಂಡತಿ ಫೋನು ಮಾಡಿದಾಗ ನಾನು ಕಂಪಲಾಪುರದಲ್ಲಿ ಕೆಲಸ ಹಿಡಿದಿದ್ದೆ. "ನಾಳೆ ಬತ್ತೀನಿ ಅಮ್ಮ" ಎಂದು ಮೂರು ದಿನ ಹೇಳಿದೆ. ನಾಲ್ಕೂ ಇರಬಹುದು. ಹೋದಾಗ ಅವರ ಬಚ್ಚಲಲ್ಲಿ ಅಂತರಸಂತೆಯ ಇನ್ನೊಬ್ಬ ಪ್ಲಂಬರ್ ಕೂತಿದ್ದ.

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೋಡೆಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡಿದ್ದ. ಸೋರುವ ನೀರನ್ನು ಹಾಗೆ ಕೇಳಿಸಿಕೊಳ್ಳುವುದು ನನ್ನ ವಿದ್ಯೆ. ನನ್ನನ್ನು ನೋಡಿ ಕಲಿತ ಎಂದು ಇಲ್ಲಿ ಮೊದಲು ಬರೆದೆ, ಹೊಡೆದುಹಾಕಿದೆ. ಒಬ್ಬನೇ ಮೇಸ್ತ್ರಿಯ ಕೈಕೆಳಗೆ ಇಬ್ಬರೂ ದುಡಿದವರು. ನಾನೇ ಅವನಿಂದ ಕಲಿತಿರಲೂಬಹುದು. ಹೊಟ್ಟೆ ಉರಿದದ್ದು ಮಾತ್ರ ನಿಜ.

"ಬನ್ನಿ ಅಣ್ಣ. ಇಲ್ಲೇ ಸೋರ್ತಾದೆ ಅನ್ಸುತ್ತೆ, ಏನಂತೀರಿ?"

"ನಿನ್ ಕಿವಿ ಮೇಲೆ ನಂಬ್ಕೆ ಐತಲ್ಲ, ಒಡಿ ಬುಡು."

ಅವನು ಉಳಿ ಇಟ್ಟ ಜಾಗದಲ್ಲಿದ್ದದ್ದು ಸತ್ತ ಪೈಪು. ತುಕ್ಕು ಹಿಡಿದ ಆ ಕಬ್ಬಿಣದ ಲೈನನ್ನು ತುದಿಗೆ ಡಮ್ಮಿ ಬಿರಡೆ ಹಾಕಿ ಮುಚ್ಚಿ, ಅಡುಗೆಮನೆಯ ನೆಲದಡಿ ಹೊಸ ಲೈನು ಎಳೆದವನು ನಾನೇ. ಹೊಸ ಲೈನಿನ ಸದ್ದು ಹಳೆಯ ಕಬ್ಬಿಣಕ್ಕೆ ಹಾಯುತ್ತದೆ, ಎಂಥ ಕಿವಿಯೂ ಮೋಸಹೋಗುತ್ತದೆ. ಒಂದು ಮಾತು ಸಾಕಿತ್ತು. ಆ ಮನೆಯ ಅಮ್ಮ ಕೊಟ್ಟ ಚಹಾ ಕುಡಿಯುತ್ತಾ ಕೂತೆ. ಒಂದು ಟೈಲ್ಸ್ ಬಿತ್ತು, ಮತ್ತೊಂದು, ಮತ್ತೆ ಮೂರು. ಪ್ರತಿ ಏಟಿಗೂ ನನಗೆ ಸುಖವಾಗುತ್ತಿತ್ತು.

ಒಳಗೆ ಒಣ ಪೈಪು ಕಂಡಿತು. ಜಾಯಿಂಟಿಗೆ ಸೆಣಬಿನ ನಾರು ಸುತ್ತಿದ ಮೇಲೆ ಅದರ ತುದಿಯನ್ನು ಗಂಟು ಹಾಕುವವನು ನಮ್ಮ ಕಡೆ ನಾನೊಬ್ಬನೇ. ಡಮ್ಮಿಯ ಬಳಿಯಿದ್ದ ಆ ಗಂಟನ್ನು ಅವನು ಬೆರಳಿನಿಂದ ಸವರಿ ನೋಡಿದ.

"ಅಣ್ಣ, ಈ ಗಂಟು ನಿಮ್ದಲ್ವಾ?"

ಅಮ್ಮ ನನ್ನ ಕೈಯ ಲೋಟ ನೋಡಿದರು. "ಗೊತ್ತಿದ್ದೂ ಚಾ ಕುಡೀತಾ ಕೂತಿದ್ಯೇನಪ್ಪ? ನನ್ ಗೋಡೆ ನಿಂಗೇನ್ ಮಾಡಿತ್ತು?"

"ಮರ್ತೋಗಿತ್ತು ಅಮ್ಮ."

ಈಗಲೂ ಕೆಲವೊಮ್ಮೆ, ನಿಜವಾಗಿಯೇ ಮರೆತಿದ್ದೆ ಎಂದು ನೆನಪಾಗುತ್ತದೆ.

ಅಡುಗೆಮನೆಯ ಮೂಲೆ ತೋರಿಸಿದೆ. ಅವನು ಒಂದೇ ಕಲ್ಲು ಎಬ್ಬಿಸಿ ಸೋರಿಕೆ ನಿಲ್ಲಿಸಿದ.

"ಮೇಲಿನ ಟ್ಯಾಂಕ್ ರೂಮಿನ ಬೀಗದ್ಕೈ ಇವ್ರಿಗೇ ಕೊಟ್ಬುಡಪ್ಪ" ಎಂದರು ಅಮ್ಮ.

ಗೊಂಚಲಿನಿಂದ ಅದನ್ನು ಬಿಡಿಸಲು ನನ್ನ ಬೆರಳು ಒಪ್ಪಲಿಲ್ಲ. "ತಡೀರಿ ಅಣ್ಣ" ಎಂದು ಅವನೇ ಬಿಡಿಸಿಕೊಂಡ. ಉಳಿದ ಗೊಂಚಲನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಮರಳಿಸಿದ. ಆ ಮರ್ಯಾದೆಯನ್ನೂ ನನ್ನಿಂದ ಸಹಿಸಲಾಗಲಿಲ್ಲ.