ಅಮೆರಿಕ ಮೇಷ್ಟ್ರು ಮತ್ತು ನನ್ನ ಮಗಳು

ಮೇಷ್ಟ್ರ ಬಲಗೈ ತೋರುಬೆರಳಿಗೆ ಮೇಲಿನ ಗೆಣ್ಣು ಇರಲಿಲ್ಲ. ಹುಡುಗನಾಗಿದ್ದಾಗ ಮಾಂಸ ಕತ್ತರಿಸಲು ಹೋಗಿ ಮಚ್ಚಿಗೆ ಕೊಟ್ಟು ಬಂದಿದ್ದರಂತೆ. ಆ ಮೋಟು ಬೆರಳನ್ನೇ ಬೋರ್ಡಿನ ಮೇಲೆ ತಾವು ಬರೆದ ಅಮೆರಿಕದ ನಕ್ಷೆಗೆ ಒತ್ತಿ, "ಇಗಳ್ರಪ್ಪಾ, ಇಲ್ಲೈತೆ ಫಿಲಡೆಲ್ಫಿಯಾ" ಎನ್ನುತ್ತಿದ್ದರು. ಬೆರಳು ಮುಟ್ಟಿದ್ದು ಊರನ್ನೋ ಸಮುದ್ರವನ್ನೋ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಮುಂದಿನ ಬೆಂಚಿನಿಂದ ಕೊನೆಯ ಬೆಂಚಿನವರೆಗೆ ಎಲ್ಲರ ಕಣ್ಣೂ ಆ ಬೆರಳಿನ ಮೇಲೇ. ನನ್ನ ಮಗಳ ಕಣ್ಣೂ ಅಲ್ಲೇ ಇತ್ತು.

ಮಧುಗಿರಿಯ ನಮ್ಮ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ವಿಭಾಗ ಅಂದರೆ ನಾವಿಬ್ಬರೇ. ನಾನು ಖಾಯಂ ನೌಕರಿಯವಳು, ವಿಭಾಗದ ಮುಖ್ಯಸ್ಥೆ. ಅವರು ಅತಿಥಿ ಉಪನ್ಯಾಸಕರು, ವರ್ಷ ವರ್ಷವೂ ಹೊಸದಾಗಿ ಅರ್ಜಿ ಹಾಕಿ ಬರಬೇಕಾದವರು. ಭಾರತದ ಸಂವಿಧಾನ ನನ್ನದು, ಹೊರದೇಶದ ಸಂವಿಧಾನಗಳು ಅವರದು. ಐ.ಡಿ.ಹಳ್ಳಿ ಕಡೆಯ ಕುರಿ ಸಾಕುವ ಮನೆಯಿಂದ ಬಂದ ಅವರಿಗೆ ಅಮೆರಿಕದ ಮೇಲೆ ಅದೇನು ಪ್ರೀತಿಯೋ, ಬ್ರಿಟನ್ನಿನ ಪಾಠವನ್ನು ವಾರದಲ್ಲಿ ಮುಗಿಸಿ ಉಳಿದ ಸೆಮಿಸ್ಟರೆಲ್ಲ ಅಲ್ಲೇ ಠಿಕಾಣಿ ಹೂಡುತ್ತಿದ್ದರು. ಹುಡುಗರು "ಅಮೆರಿಕ ಮೇಷ್ಟ್ರು" ಅಂತ ಹೆಸರಿಟ್ಟಿದ್ದರು. ಅದು ಕಿವಿಗೆ ಬಿದ್ದರೆ ಅವರಿಗೆ ಕೋಪ ಬರುವುದಿರಲಿ, ಜೇಬಿನಿಂದ ಬಾಚಣಿಗೆ ತೆಗೆದು ಬಣ್ಣ ಹಚ್ಚಿದ ಕೂದಲನ್ನು ಇನ್ನೊಮ್ಮೆ ಬಾಚಿಕೊಳ್ಳುತ್ತಿದ್ದರು. ಜಂಭಕ್ಕೇನೂ ಕಡಿಮೆ ಇರಲಿಲ್ಲ.

ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ಅವರ ಕ್ಲಾಸು ತುಂಬುತ್ತಿತ್ತು, ನನ್ನದರಲ್ಲಿ ಹಾಜರಿಗಾಗಿ ಕೂರುತ್ತಿದ್ದರು ಅನ್ನುವುದು ಒಂದು. ಅದನ್ನು ಹೇಗೋ ನುಂಗಿಕೊಂಡಿದ್ದೆ. ನುಂಗಲಾಗದೇ ಇದ್ದದ್ದು ನನ್ನ ಮಗಳ ವಿಷಯ.

ನನ್ನ ಹಠಕ್ಕೆ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡವಳು ಫೇಲಾದಳು. ಮತ್ತೆ ಬರೆದು ಪಾಸಾಗಿ ನಮ್ಮ ಕಾಲೇಜಿಗೇ ಬಿ.ಎ. ಸೇರಿದಳು. ಆ ಫೇಲಿನಿಂದಾಚೆ ನನ್ನ ಜೊತೆ ಮಾತು ಅಂದರೆ ಹೂಂ, ಊಹೂಂ, ಅಷ್ಟೇ. ಅವಳ ಅಪ್ಪನಿಗೆ ಹುಬ್ಬಳ್ಳಿಯಲ್ಲಿ ಕೆಲಸ. ಮನೆಯಲ್ಲಿ ನಾವಿಬ್ಬರೇ ಇದ್ದರೂ ಬೀಗ ಹಾಕಿದ ಮನೆಯ ಹಾಗಿರುತ್ತಿತ್ತು. ಅಂಥವಳು ಒಂದು ದಿನ ಊಟಕ್ಕೆ ಕೂತಾಗ ತಾನಾಗಿ ಬಾಯಿಬಿಟ್ಟಳು. ನನ್ನ ಜೀವ ಹಿಗ್ಗಿತು.

"ಅಮ್ಮಾ, ಗುಡ್ಡೆ ಮಾಂಸ ಅಂದ್ರೆ ಗೊತ್ತಾ ನಿಂಗೆ?"

ಹಿಗ್ಗಿದ್ದು ಅಲ್ಲೇ ಇಳಿಯಿತು. ನಮ್ಮದು ಮಾಂಸ ತಿನ್ನದ ಮನೆ. ಅವಳು ಅನ್ನ ಕಲಸುವುದನ್ನೂ ಮರೆತು ಹೇಳುತ್ತಲೇ ಹೋದಳು. ಯುಗಾದಿಯ ಮರುದಿನ, ವರ್ಷದ ತೊಡಕಿಗೆ, ಹತ್ತಾರು ಮನೆಯವರು ಸೇರಿ ಟಗರು ಕಡಿದು, ಎಲೆಗಳ ಮೇಲೆ ಮನೆಗೊಂದು ಗುಡ್ಡೆ ಹಾಕುತ್ತಾರಂತೆ. ಮೇಷ್ಟ್ರ ಊರಲ್ಲಿ ಒಂದು ಕಟ್ಟುನಿಟ್ಟು: ಗುಡ್ಡೆ ಹಾಕಿದವನು ತನ್ನ ಪಾಲನ್ನು ಎಲ್ಲರಿಗಿಂತ ಕೊನೆಗೆ ಎತ್ತಿಕೊಳ್ಳಬೇಕು. ಮೊದಲೇ ಎತ್ತಿಕೊಳ್ಳಬಹುದು ಅಂತಾದರೆ ಒಂದು ಗುಡ್ಡೆಗೆ ಮಾತ್ರ ಈಲಿ, ಅಂದರೆ ಲಿವರಿನ ತುಂಡು, ಜಾಸ್ತಿ ಬೀಳುತ್ತದಲ್ಲ. ಅಧಿಕಾರ ಹಂಚುವುದೂ ಇಷ್ಟೇ ಅಂತ ಮೇಷ್ಟ್ರು ಹೇಳಿದರಂತೆ. ಕಾನೂನು ಮಾಡುವವರು ಬೇರೆ, ನಡೆಸುವವರು ಬೇರೆ, ಸರಿಯೋ ತಪ್ಪೋ ನೋಡುವವರು ಬೇರೆ. ಇಂಗ್ಲೆಂಡಿನ ರಾಜನೊಬ್ಬನೇ ಕಡಿಯುವುದು, ಗುಡ್ಡೆ ಹಾಕುವುದು, ಎತ್ತಿಕೊಳ್ಳುವುದು ಎಲ್ಲ ಮಾಡಿದ್ದನ್ನು ನೋಡಿ ರೋಸಿಹೋದ ಜನ ಕಟ್ಟಿದ ಸರ್ಕಾರವಂತೆ ಅಮೆರಿಕದ್ದು.

"ಆದ್ರೆ ಅಮ್ಮಾ, ಸರ್ ಇನ್ನೂ ಒಂದು ಹೇಳಿದ್ರು. ಅವರೂರಲ್ಲಿ ಕೆಲವರನ್ನ ಗುಡ್ಡೆ ಹತ್ರಕ್ಕೇ ಸೇರಿಸ್ತಿರ್ಲಿಲ್ವಂತೆ, ದೂರ ನಿಂತಿರ್ಬೇಕಂತೆ. ಅಮೆರಿಕದಲ್ಲೂ ಗುಲಾಮರನ್ನ, ಹೆಂಗಸರನ್ನ ಹಂಗೇ ದೂರ ನಿಲ್ಸಿ ಸಂವಿಧಾನ ಬರೆದ್ರಂತೆ. ಸರ್ ಹೇಳುವಾಗ ಅವರ ಮುಖ ನೋಡ್ಬೇಕಿತ್ತು ನೀನು."

ಅಧಿಕಾರ ವಿಭಜನೆಯನ್ನು ನಾನು ಎಷ್ಟು ವರ್ಷದಿಂದ ಪಾಠ ಮಾಡುತ್ತಿದ್ದೇನೆ! ಇವಳಿಗೆ ತಿಳಿಯಲು ಟಗರೇ ಬೇಕಾಯಿತಲ್ಲ ಎಂದು ಮೈಯೆಲ್ಲ ಉರಿಯಿತು. ಮಾರನೇ ದಿನ ಸ್ಟಾಫ್ ರೂಮಿನಲ್ಲಿ, "ಸಂವಿಧಾನದ ಪಾಠದಲ್ಲಿ ಮಾಂಸ ಯಾಕೆ ಸರ್?" ಎಂದು ಕುಟುಕಿದೆ. ಅವರು ನಕ್ಕು, "ಮುಖ ಕಿವುಚ್ಬ್ಯಾಡಿ ಮೇಡಂ, ನಿಮ್ಗೆ ಬೇಕಾದ್ರೆ ಹೋಳಿಗೆ ಅಂದ್ಕಳಿ" ಅಂದರು. ಜಗಳಕ್ಕೂ ಸಿಕ್ಕದ ಮನುಷ್ಯ. ಅದಂತೂ ಇನ್ನೂ ಸಿಟ್ಟು ತರಿಸುತ್ತಿತ್ತು.

ಒಂದು ಬೇಸಿಗೆಯ ಶನಿವಾರ ಕಾರಿಡಾರಿನಲ್ಲಿ ಹೋಗುತ್ತಿದ್ದೆ. ಬೆಟ್ಟದ ಬಂಡೆ ಕಾದು ಇಡೀ ಊರೇ ಬೇಯುತ್ತಿದ್ದ ಹೊತ್ತು. ಅವರ ಕ್ಲಾಸಿನ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡಿದ್ದರು. ಹುಡುಗರು ತಲೆ ಸುತ್ತಿ ಬಿದ್ದರೆ ಯಾರು ಜವಾಬ್ದಾರಿ ಎಂದು ಬೈಯಲು ಹೋದವಳು ಬಾಗಿಲ ಸಂದಿಯಲ್ಲೇ ನಿಂತೆ. ಒಳಗೆ ಫಿಲಡೆಲ್ಫಿಯಾ ನಡೆಯುತ್ತಿತ್ತು. ಅಮೆರಿಕದ ಸಂವಿಧಾನ ಹುಟ್ಟಿದ್ದು ಆ ಊರಿನ ಸಭೆಯಲ್ಲಿ. ಅಲ್ಲಿ ಸೇರಿದವರು ಮಾತು ಹೊರಗೆ ಹೋಗಬಾರದೆಂದು ಬೇಸಿಗೆಯಲ್ಲೂ ಕಿಟಕಿ ಮುಚ್ಚಿಕೊಂಡಿದ್ದರಲ್ಲ, ಅದಕ್ಕೆ ಇಲ್ಲೂ ಮುಚ್ಚಿಸಿದ್ದರು. ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆ ನಾಲ್ಕೂ ಒಂದೊಂದು ರಾಜ್ಯ. ಎಲ್ಲ ಸೇರಿ ಒಂದು ಸರ್ಕಾರ ಮಾಡಿಕೊಳ್ಳಬೇಕು, ಯಾರಿಗೆಷ್ಟು ಸೀಟು ಎಂಬುದೇ ತಕರಾರು. ಶಿರಾದವರು ತಲೆ ಎಣಿಸಿ ಕೊಡಿ ಅನ್ನುತ್ತಿದ್ದರು. ಕೊರಟಗೆರೆಯ ಹುಡುಗನೊಬ್ಬ ಬೆವರು ಸುರಿಸುತ್ತಾ ಬೆಂಚಿನ ಮೇಲೆ ಹತ್ತಿ ನಿಂತಿದ್ದ.

"ಸಣ್ಣ ತಾಲ್ಲೂಕು ಅಂತ ತುಳಿದ್ಬುಡ್ತೀರೇನ್ಲಾ? ಎಲ್ರಿಗೂ ಒಂದೇ ಸಮ ಕೊಡಿ. ಇಲ್ಲ ಅಂದ್ರೆ ನಾವು ಈಗ್ಲೇ ಬಸ್ ಹತ್ತುತೀವಿ!"

ಹಿಂದಿದ್ದ ಕೊರಟಗೆರೆಯವರೆಲ್ಲ ನಿಜವಾಗಿಯೂ ಬ್ಯಾಗು ಹೆಗಲಿಗೇರಿಸಿದರು. ಮೇಷ್ಟ್ರು ಮೂಲೆಯಲ್ಲಿ ಕೈ ಕಟ್ಟಿ ಸುಮ್ಮನೆ ನಿಂತಿದ್ದರು. ಆಗ ಎದ್ದವಳು ನನ್ನ ಮಗಳು.

"ಎರಡು ಮನೆ ಮಾಡೋಣ. ಒಂದ್ರಲ್ಲಿ ತಲೆ ಲೆಕ್ಕ. ಇನ್ನೊಂದ್ರಲ್ಲಿ ದೊಡ್ಡೋರು ಸಣ್ಣೋರು ಅಂತಿಲ್ಲ, ತಾಲ್ಲೂಕಿಗೆ ಇಬ್ರೇ. ಎರಡೂ ಮನೆ ಒಪ್ಪಿದ್ರೆ ಮಾತ್ರ ಕಾನೂನು."

ಕೊರಟಗೆರೆಯ ಹುಡುಗ ಬೆಂಚಿನಿಂದ ಇಳಿದ. ಮೇಷ್ಟ್ರು ಆ ಮೋಟು ಬೆರಳನ್ನು ಅವಳ ಕಡೆ ತೋರಿಸಿ, "ಇದ್ನೇ ಕಣಮ್ಮ, ಅವರು ಜಗಳ ಆಡಿ ಆಡಿ ಕಂಡ್ಕಂಡಿದ್ದು! ರಾಜ್ಯಗಳ ಹಳೇ ಕರಾರು ರಿಪೇರಿ ಮಾಡಾಕೆ ಅಂತ ಸೇರ್ದೋರು, ರಿಪೇರಿ ಆಗಾಕಿಲ್ಲ ಅಂತ ಹೊಸದನ್ನೇ ಕಟ್ಟಿ ಎದ್ರು" ಎಂದರು. ಹುಡುಗರು ಬೆಂಚು ಬಡಿದರು. ಅಷ್ಟು ಜನರ ಮುಂದೆ ತಲೆ ಎತ್ತಿ ನಿಂತ ನನ್ನ ಮಗಳ ಮುಖ ಕೆಂಪಾಗಿತ್ತು. ಆ ಮುಖವನ್ನು ನಾನು ನೋಡಿಯೇ ಬಹಳ ಕಾಲವಾಗಿತ್ತು. ಆದರೆ ಅವಳು ನೋಡುತ್ತಿದ್ದದ್ದು ಅವರನ್ನು. ಬೈಯುವುದನ್ನು ಮರೆತು ವಾಪಸು ಬಂದೆ. ಹೆತ್ತು ಸಾಕಿದವಳು ನಾನು, ಬೆಳಕು ಬೀಳುವುದು ಮಾತ್ರ ಅವರ ಅಂಗಳದಲ್ಲಿ ಅನ್ನಿಸಿ ಆ ಮಧ್ಯಾಹ್ನ ಊಟ ಸೇರಲಿಲ್ಲ.

ಬಿ.ಎ. ಮುಗಿಯುವ ಹೊತ್ತಿಗೆ ಅವಳು ಕಾನೂನು ಓದುತ್ತೇನೆ ಎಂದಳು. ನಾನು ಬಿ.ಎಡ್. ಅಂತ ತೀರ್ಮಾನ ಮಾಡಿಯಾಗಿತ್ತು. ಟೀಚರ್ ಕೆಲಸ ಸಿಕ್ಕರೆ ನೆಮ್ಮದಿ, ಕೋರ್ಟು ಕಚೇರಿ ಅಲೆದಾಟ ಹೆಣ್ಣುಮಕ್ಕಳಿಗೆ ಯಾಕೆ ಎಂಬುದು ನನ್ನ ವಾದ. ಮತ್ತೆ ಹೂಂ, ಊಹೂಂ ಶುರುವಾಯಿತು. ಕೊನೆಗೆ ನಾನು ಮಾಡಬಾರದೆಂದುಕೊಂಡಿದ್ದನ್ನೇ ಮಾಡಬೇಕಾಯಿತು. ಅವರ ಮೇಜಿನ ಮುಂದೆ ಹೋಗಿ ನಿಂತೆ.

"ಸರ್, ನಿಮ್ಮ ಮಾತು ಅಂದ್ರೆ ಅವಳಿಗೆ ವೇದವಾಕ್ಯ. ಬಿ.ಎಡ್. ಮಾಡು ಅಂತ ನೀವೇ ಹೇಳಿ."

ಅವರ ಮುಖದಲ್ಲಿ ನಗು ಇರಲಿಲ್ಲ. "ಮೇಡಂ, ಗುಡ್ಡೆ ಹಾಕೋರೂ ನೀವೇ, ಎತ್ಕಳೋರೂ ನೀವೇ ಆದ್ರೆ ಮಗೀಗೇನು ಉಳೀತು?" ಅಂದರು. ನನಗೆ ರೇಗಿ ಬಾಯಿಗೆ ಬಂದದ್ದನ್ನು ಅನ್ನುವಷ್ಟರಲ್ಲಿ ಮೆಲ್ಲಗೆ ಮುಂದುವರಿಸಿದರು. "ಅವ್ಳೂ ಬಂದಿದ್ಲು. ಅಮ್ಮಂಗೆ ನೀವು ಹೇಳಿ ಸಾರ್ ಅಂದ್ಲು. ನಾ ಹೇಳಾಕಿಲ್ಲ, ನೀನೇ ಹೇಳು ಹೋಗು ಅಂದೆ. ನಮ್ಮಮ್ಮ ಕೇಳಿದ್ರೆ ತಾನೇ ಸಾರ್ ಹೇಳೋದು ಅಂದ್ಲು. ಯಾಕವ್ವಾ ಕಾನೂನು ಅಂತ ನೀವು ಒಂದ್ಸಲ ಕೇಳಿದೀರಾ ಮೇಡಂ?"

ಕೇಳಿರಲಿಲ್ಲ. ಅದೇ ಸಂಜೆ ಕೇಳಿದೆ. ಅವಳು ಮೊದಲು ನನ್ನ ಮುಖವನ್ನೇ ನೋಡಿದಳು, ನಂಬಿಕೆ ಬಂದ ಮೇಲೆ ಹೇಳಲು ಶುರುಮಾಡಿದಳು. ಒಲೆಯ ಮೇಲಿಟ್ಟ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿದರೂ ಇಬ್ಬರಿಗೂ ಅದರ ಕಡೆ ಗಮನವಿರಲಿಲ್ಲ. ಗುಡ್ಡೆಯಿಂದ ದೂರ ನಿಂತವರ ಪರವಾಗಿ ಯಾರಾದರೂ ಕೇಳಬೇಕಲ್ಲಮ್ಮಾ ಎಂದಳು. ಅವಳು ಮನಸ್ಸು ಬಿಚ್ಚಿ ಇಷ್ಟು ಹೇಳಿದ್ದಕ್ಕೇ ನನಗೆ ತುಂಬಾ ಸಂತೋಷವಾಯಿತು. ಆ ಸಂತೋಷದ ನಡುವೆಯೂ, ಇದೂ ಅವರ ಮಾತೇ ಅಲ್ಲವಾ ಎಂದು ಚುರ್ ಅಂದದ್ದು ಸುಳ್ಳಲ್ಲ. ನಾನು ಬಿ.ಎಡ್. ಮಾತು ಬಿಟ್ಟೆ. ಅವಳು ತುಮಕೂರಿಗೆ ಹೋಗಿ ಕಾನೂನು ಓದಿದಳು. ಈಗ ಮಧುಗಿರಿಯ ಕೋರ್ಟಿನಲ್ಲೇ ವಕೀಲಿಕೆ ಮಾಡುತ್ತಾಳೆ. ನನ್ನ ಜೊತೆ ಕೇಸುಗಳ ಬಗ್ಗೆ ಮಾತಾಡುತ್ತಾಳೆ, ವಾದ ಮಾಡುತ್ತಾಳೆ. ಗೆದ್ದ ದಿನ ಮಾತ್ರ ಮೊದಲ ಫೋನು ಅವರಿಗೇ ಹೋಗುತ್ತಿತ್ತು.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಬೆಳಿಗ್ಗೆ ಕಾಲೇಜಿಗೆ ಹೊರಡಲು ಶರ್ಟು ಇಸ್ತ್ರಿ ಮಾಡುತ್ತಾ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ನಾನು ಕಾಲೇಜಿನವರ ಜೊತೆ ಅವರ ಹಳ್ಳಿಗೆ ಹೋದೆ. ಮನೆಯ ಮುಂದೆ ಮಲಗಿಸಿದ್ದರು. ಕೂದಲು ಬಾಚಿಯೇ ಇತ್ತು. ಹಳೆಯ ವಿದ್ಯಾರ್ಥಿಗಳು ಶಿರಾದಿಂದ, ಪಾವಗಡದಿಂದ ಬಂದು ಬೇಲಿಯವರೆಗೂ ನಿಂತಿದ್ದರು. ನನ್ನ ಮನೆಯ ಮುಂದೆ ಇಷ್ಟು ಜನ ಸೇರುತ್ತಾರಾ ಎಂದು ಅಲ್ಲೂ ಲೆಕ್ಕ ಹಾಕಿತು ನನ್ನ ಮನಸ್ಸು.

ಮಗಳು ಕೋರ್ಟಿನಿಂದ ನೇರ ಬಂದಳು, ಕಪ್ಪು ಕೋಟು ತೋಳ ಮೇಲಿತ್ತು. ಅವರ ಕಾಲ ಬಳಿ ಕೂತು ದೊಡ್ಡ ದನಿಯಲ್ಲಿ ಅತ್ತಳು. ನನ್ನ ಅಮ್ಮ, ಅವಳ ಅಜ್ಜಿ, ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ನನಗಾಗಿ ಇವಳು ಹೀಗೆ ಅಳುವಳೇ ಎಂದು ಸತ್ತವರ ಮೇಲೂ ಹೊಟ್ಟೆ ಉರಿಯಿತು. ಆಮೇಲೆ ಅವಳು ಎದ್ದು ಜನರ ನಡುವೆ ಯಾರನ್ನೋ ಹುಡುಕಿದಳು. ನನ್ನನ್ನು ಕಂಡಳು. ನೆಟ್ಟಗೆ ಬಂದು ನನ್ನ ಹೆಗಲಿಗೆ ಮುಖ ಒತ್ತಿ, "ಅಮ್ಮಾ" ಅಂತ ಬಿಕ್ಕಿದಳು.

ಆ ಪಿಯುಸಿ ಫಲಿತಾಂಶದ ದಿನದಿಂದ ಅವಳು ನನ್ನನ್ನು ಮುಟ್ಟಿಯೇ ಇರಲಿಲ್ಲ. ಇದನ್ನೂ ಕೊಟ್ಟು ಹೋದವರು ಅವರೇ. ಪಕ್ಕದಲ್ಲಿದ್ದವರು "ಸಮಾಧಾನ ಮಾಡ್ರಮ್ಮಾ, ಹೆಂಗಳ್ತಾ ಅವ್ಳೆ ಮಗು" ಎಂದರು. ನಾನು ಮಾಡಲಿಲ್ಲ. ಅಳು ನಿಂತರೆ ಅವಳು ಹೆಗಲು ಬಿಟ್ಟುಬಿಡುತ್ತಾಳೆ ಎಂದು ಹೆದರಿ, ತಬ್ಬಿಕೊಂಡು ಸುಮ್ಮನೆ ನಿಂತಿದ್ದೆ.