ಲಾಭ ಸೇರಿ ಎಂಟು

ನಿನ್ನೆ ಬೆಳಿಗ್ಗೆ ನಮ್ಮಾಕೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಹಳೆಯ ಚಿಂದಿಯಿಂದ ಒರೆಸುತ್ತ ಕೂತಿದ್ದಳು. ಎಣ್ಣೆ ಕುಡಿದ ಹತ್ತಿಬಟ್ಟೆಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕೂತಲ್ಲಿಂದಲೇ ಬೀದರಿನ ಮಸ್ತಾನ ಉಸ್ತಾದರ ಗ್ಯಾರೇಜಿಗೆ ಹೋಗಿಬಿಟ್ಟೆ. ಈ ವಯಸ್ಸಿನಲ್ಲಿ ಬಸ್ಸು ಹತ್ತುವುದಕ್ಕಿಂತ ಇದೇ ಸಲೀಸು ನೋಡಿ.

ಆ ಬರಗಾಲದ ವರ್ಷಗಳಲ್ಲಿ ನಾನೊಂದು ಕಾರಿನ ಸಾರಥಿ. ಕಾರೆಂದರೆ ಅಂಥಿಂಥದ್ದಲ್ಲ, ಹಳೆಯ ಜಾಗೀರದಾರರೊಬ್ಬರು ಸಾಕಲಾರದೆ ನನ್ನ ಕೈಗೆ ಬಿಟ್ಟುಹೋಗಿದ್ದ ಕರೀ ವಿಲಾಯತಿ ಗಾಡಿ. ವಿ-ಎಂಟು ಎಂಜಿನ್. ಈ ಕಡೆ ನಾಲ್ಕು, ಆ ಕಡೆ ನಾಲ್ಕು, ಒಟ್ಟು ಎಂಟು ಸಿಲಿಂಡರ್. ಬೀದರ, ಔರಾದ ನಡುವೆ ಸೀಟು ತುಂಬಿಸಿ ಓಡಿಸುತ್ತಿದ್ದೆ. ಎಷ್ಟು ಜನ ತುಂಬುತ್ತಿದ್ದೆ ಎಂದು ಮಾತ್ರ ಕೇಳಬೇಡಿ. ಹೊಸದಾಗಿ ಮದುವೆ ಬೇರೆ ಆಗಿತ್ತು. ಹಾರ್ನನ್ನು ಅಗತ್ಯಕ್ಕಿಂತ ಜಾಸ್ತಿಯೇ ಬಾರಿಸುತ್ತಿದ್ದೆ.

ಬೇಸಿಗೆಯಲ್ಲಿ ಒಂದು ದಿನ ರೇಡಿಯೇಟರ್ ಒಣಗಿತು. ದಾರಿಯ ಬಾವಿಗಳೆಲ್ಲ ಬತ್ತಿದ್ದವು. ಕಡೆಗೊಂದು ಊರಲ್ಲಿ ಒಂದು ಕೊಡ ನೀರು ಸಿಕ್ಕ ಖುಷಿಗೆ, ಕಾದು ಕೆಂಡವಾಗಿದ್ದ ಎಂಜಿನ್ನಿಗೆ ದಬದಬ ಸುರಿದೆ. ಟಣ್ ಎಂದಿತು. ಕಾರ್ಬ್ಯುರೇಟರಿನ ಕೆಳಗೆ ಕೂತು ಎಂಟೂ ಸಿಲಿಂಡರಿಗೆ ಪೆಟ್ರೋಲು, ಗಾಳಿ ಹಂಚುವ ಮ್ಯಾನಿಫೋಲ್ಡ್ ಸೀಳಿಹೋಗಿತ್ತು. ಬುದ್ಧಿವಂತಿಕೆ ಎಂದರೆ ಇದು!

ಅದೇ ವಾರ ಸಂತಪುರದಿಂದ ಮಾವನ ಮಾತು ಬಂತು. ಮಾವ ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದವರು. ಬೀಸಲು ಕಾಳೇ ಇಲ್ಲವಾಗಿ ಗಿರಣಿ ನಿಂತು, ಅತ್ತೆಯೊಂದಿಗೆ ಪುಣೆಯ ಕಡೆ ಕಲ್ಲು ಒಡೆಯುವ ಕೆಲಸಕ್ಕೆ ಹೊರಟಿದ್ದರು. ನಮ್ಮಾಕೆ ಆಗ ತವರಿನಲ್ಲಿದ್ದಳು. ಬಸ್ಸಿನ ಕಂಡಕ್ಟರ್ ಬಂದು ಹೇಳಿದ: “ರವಿವಾರ ಮಧ್ಯಾಹ್ನದೊಳಗ ಗಾಡಿ ಚಾಲೂ ಮಾಡಿ ತಗೊಂಡು ಬಂದ್ರ ಮಗಳಿಗಿ ಕಳಸ್ತಾರಂತರಿ. ಇಲ್ಲಾಂದ್ರ ತಮ್ಮ ಸಂಗಟ ಪುಣೆಕ್ಕ ಒಯ್ತಾರಂತ. ಗಾಡಿ ನಿಂತವನ ಮನ್ಯಾಗ ಆಕಿ ಏನ್ ಉಣಬೇಕು ಅಂತ ಕೇಳ್ಯಾರ.”

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ಆಕೆಯ ಕೈಯಲ್ಲಿ ಸುತ್ತಿಗೆ ನೆನೆಸಿಕೊಂಡು ಎರಡು ದಿನ ನನಗೆ ಊಟ ಸೇರಲಿಲ್ಲ.

ಉಸ್ತಾದರು ಹೈದರಾಬಾದಿನ ಗುಜರಿಯಿಂದ ಬೇರೊಂದು ಮ್ಯಾನಿಫೋಲ್ಡ್ ತರಿಸಿದರು. ಅದೇ ಜಾತಿಯ ಎಂಜಿನ್ನಿನದು, ಆದರೆ ಲಾರಿಯದು. ಬೋಲ್ಟಿನ ತೂತುಗಳು ಕೂದಲೆಳೆಯಷ್ಟು ಆಚೀಚೆ. ಮೂರು ದಿನ ಅರ ಹಿಡಿದು ಉಜ್ಜಿದೆವು. ತೂತು ಕೂಡಿದರೆ ಎತ್ತರ ಕೂಡಲಿಲ್ಲ. ಕಾರ್ಬ್ಯುರೇಟರ್ ಮೇಲೇರಿ ಕೂತು ಬಾನೆಟ್ಟು ಮುಚ್ಚಲೊಲ್ಲದು.

“ಬಾಯಿ ತೆರಕೊಂಡೇ ಹೋಗ್ಲಿ ಬಿಡೋ ಮಿಯಾ,” ಎಂದರು ಉಸ್ತಾದರು. “ನಿನ್ನ ಹೆಂಡ್ತಿ ಬಾನೆಟ್ ನೋಡ್ತಾಳೇನು? ನಿನಗ ನೋಡ್ತಾಳ.”

ಧೂಳು ಬೀಳದಿರಲಿ ಎಂದು ಎಂಜಿನ್ನಿನ ಎಂಟೂ ಬಾಯಿಗೆ ಚಿಂದಿ ತುರುಕಿದ್ದೆವು. ಮ್ಯಾನಿಫೋಲ್ಡ್ ಕೂರಿಸುವ ಮುಂಚೆ ಅವನ್ನು ತೆಗೆಯುವ ಕೆಲಸ ನನ್ನದು. ಇಲ್ಲಿ ನಮ್ಮಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ಅವರು ಭಾಲ್ಕಿಯ ಅಡತಿ ಅಂಗಡಿಯಲ್ಲಿ ಕಾಳು ಅಳೆಯುತ್ತಿದ್ದವರು. ಕಾಳು ಅಳೆಯುವಾಗ ನಮ್ಮ ಕಡೆ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ನನ್ನ ಬಾಯಿಗೂ ಅದೇ ರೂಢಿ. “ಲಾಭ, ಎರಡು, ಮೂರು” ಎನ್ನುತ್ತ ಒಂದೊಂದೇ ಚಿಂದಿ ಎಳೆದು ಏಳಕ್ಕೆ ಬಂದಿದ್ದೆ. ಅಷ್ಟರಲ್ಲಿ ಉಸ್ತಾದರು ಗದರಿದರು: “ಎಷ್ಟಾದವೋ? ಜಲ್ದಿ ಹೇಳು!”

ನನ್ನ ತಲೆಯೆಲ್ಲ ಸಂತಪುರದಲ್ಲಿ. “ಏಳು ರೀ ಉಸ್ತಾದ್, ಲಾಭ ಸೇರಿ ಎಂಟು!” ಎಂದುಬಿಟ್ಟೆ. ಆ ಏಳರಲ್ಲೇ ಲಾಭವೂ ಬಂದುಹೋಗಿದೆ ಎಂಬುದು ಹೊಳೆಯಲೇ ಇಲ್ಲ. ಎಂಟನೆಯ ಚಿಂದಿ ಒಳಗಿರುವಾಗಲೇ ಮ್ಯಾನಿಫೋಲ್ಡ್ ಕೂತಿತು, ಬೋಲ್ಟು ಬಿಗಿಯಿತು.

ಗಾಡಿ ಚಾಲೂ ಆಯಿತು, ಆದರೆ ಕೆಮ್ಮುತ್ತ. “ಒಂದು ಸಿಲಿಂಡರ್ ಉಸಿರು ಹಿಡದದ. ಮತ್ತ ಬಿಚ್ಚಬೇಕು,” ಎಂದರು ಉಸ್ತಾದರು. ರವಿವಾರ ಹತ್ತು ಗಂಟೆಯಾಗಿತ್ತು. ಬಿಚ್ಚಿದರೆ ಸಂಜೆ. “ಬಂದ ಮ್ಯಾಲ ಬಿಚ್ರಿ” ಎಂದವನೇ, ಬಾನೆಟ್ಟನ್ನು ಹಗ್ಗದಿಂದ ಕಟ್ಟಿಕೊಂಡು ಹೊರಟೆ. ಚಿಂದಿ ಇನ್ನಷ್ಟು ಒಳಗೆ ಸರಿದಿದ್ದರೆ ಎಂಜಿನ್ನೇ ಕೈಬಿಡುತ್ತಿತ್ತು. ಏಳೇ ಸಿಲಿಂಡರಿನಲ್ಲಿ ಸಂತಪುರ ಮುಟ್ಟಿದೆ.

ಅಂಗಳದಲ್ಲಿ ಟ್ರಂಕುಗಳು ಸಾಲಾಗಿದ್ದವು. ನಮ್ಮಾಕೆಯದೂ ಇತ್ತು. ಮಾವ ಹತ್ತಿರ ಬಂದು, ತಲೆ ವಾರೆ ಮಾಡಿ ಒಂದು ಗಳಿಗೆ ನಿಂತರು.

“ಹ್ಯಾಂಗ ನಡೀತದ?”

“ಫಸ್ಟ್‌ಕ್ಲಾಸ್ ರೀ ಮಾವಾ. ಎಂಟಕ್ಕ ಎಂಟೂ ನಡೀತಾವ.”

ಹಸೀ ಸುಳ್ಳು. ಹೇಳುವಾಗ ಅವರ ಮುಖ ನೋಡಲಿಲ್ಲ. ಅವರು ಟ್ರಂಕುಗಳನ್ನು ಡಿಕ್ಕಿಗೆ ಎತ್ತಿಟ್ಟರು. ಮಗಳದನ್ನು ಮಾತ್ರ ಸೀಟಿನ ಮೇಲೆ ಇಟ್ಟರು. ಮಾವ, ಅತ್ತೆ ಇಬ್ಬರನ್ನೂ ಭಾಲ್ಕಿ ಸ್ಟೇಷನ್ನಿಗೆ ಮುಟ್ಟಿಸಿದ್ದು ಅದೇ ಕೆಮ್ಮುವ ಗಾಡಿ. ಮರುದಿನ ಉಸ್ತಾದರು ಮ್ಯಾನಿಫೋಲ್ಡ್ ಬಿಚ್ಚಿ, ಪೆಟ್ರೋಲಿನಲ್ಲಿ ತೊಯ್ದ ಚಿಂದಿಯನ್ನು ಎಳೆದು ನನ್ನ ಮೇಲೆ ಎಸೆದರು. “ತಗೋ ನಿನ್ನ ಲಾಭ!” ಎಂದರು. ಮಾವ ಮಾತ್ರ ಪುಣೆಯಿಂದ ತಿರುಗಿ ಬರಲಿಲ್ಲ. ಎರಡನೆಯ ವರ್ಷ ಅಲ್ಲೇ ಜ್ವರ ಬಂದು ತೀರಿಕೊಂಡರು, ಅತ್ತೆಯೊಬ್ಬರೇ ಬಂದರು.

ಆ ಸುಳ್ಳನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನಿನ್ನೆ ಅದೇನಾಯಿತೋ, ನಮ್ಮಾಕೆಗೆ ಹೇಳಿಬಿಟ್ಟೆ. “ನಿಮ್ಮಪ್ಪಗ ಮೋಸ ಮಾಡಿ ನಿನಗ ಕರಕೊಂಡು ಬಂದೇನಿ ನೋಡು.”

ಆಕೆ ಒರೆಸುವುದನ್ನು ನಿಲ್ಲಿಸಲಿಲ್ಲ. “ಅಪ್ಪಗ ಗೊತ್ತಿತ್ತರಿ,” ಎಂದಳು. “ದಿನಾ ಗಿರಣಿ ಎಂಜಿನ್ ಕೇಳಿದ ಕಿವಿ ಅದು. ಟ್ರಂಕ್ ಎತ್ತುವಾಗ ನನಗ ಅಂದ: ‘ಒಂದು ಸಿಲಿಂಡರ್ ಸತ್ತದ. ಸುಳ್ಳು ಹೇಳ್ಯಾನ. ಆದ್ರೂ ಇಂಥಾದ್ರಾಗ ಬಂದಾನಲ್ಲವ್ವ, ನೀ ಇವನ ಸಂಗಟೇ ಇರು.’”

“ಮತ್ತ ಇಷ್ಟು ವರ್ಷ ನನಗ್ಯಾಕ ಹೇಳಲಿಲ್ಲ?”

“ಅವನಿಗಿ ಹೇಳಬ್ಯಾಡ, ನಾಚಿಕಿ ಬರ್ತದ ಅಂದಿದ್ದ.”

ಮದುವೆಯ ಲೆಕ್ಕದಲ್ಲಿ ನಾನು ಆ ಮನುಷ್ಯನ ಅಳಿಯನಾಗಿ ಇದ್ದದ್ದು ಮೂರು ವರ್ಷವೂ ಇಲ್ಲ. ಗಡುವು ಹಾಕಿದ ಬಿಗಿ ಮನುಷ್ಯ ಎಂದೇ ಅವರನ್ನು ನೆನೆಯುತ್ತಿದ್ದೆ. ನಿನ್ನೆ, ಎಪ್ಪತ್ತು ದಾಟಿದ ಮುದುಕ, ಹೆಂಡತಿಯ ಮುಂದೆ ಕೂತು ಮಾವನಿಗಾಗಿ ಮೊದಲ ಸಲ ಗಳಗಳ ಅತ್ತೆ.